ಅಣ್ಣನ ಅಸ್ಥಿಮಜ್ಜೆ ಹೊಂದಿದರೂ ಬೇಡವೆಂದೆ

ಮಂಗಳೂರಿನಲ್ಲಿ ಅಸ್ಥಿಮಜ್ಜೆ ಕಸಿ ಮಾಡುವ ವೈದ್ಯ ನಾನು. ರಕ್ತದ ಕ್ಯಾನ್ಸರ್ ರೋಗಿಯ ಮನೆಯವರಲ್ಲಿ ಮೊದಲು ವಿಚಾರಿಸುವುದೇ ಒಡಹುಟ್ಟಿದವರ ಬಗ್ಗೆ. ಕಾರ್ಕಳ ಕಡೆಯ ಈ ಕೃಷಿಕರ ವಿಷಯದಲ್ಲಿ ಆ ಲೆಕ್ಕ ಕೈಕೊಟ್ಟಿತು.

ಮೈಮೇಲೆ ಗಂಟುಗಳು, ತೀರದ ಬಾಯಾರಿಕೆ, ಕ್ಯಾಲ್ಸಿಯಂ ಏರಿ ಕವಿದ ಮಂಪರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಳಿ ರಕ್ತಕಣದ ಕೋಶಕೇಂದ್ರ ಹೂವಿನ ಎಸಳುಗಳಂತೆ ಬಿಡಿಸಿಕೊಂಡಿತ್ತು. 1977ರಲ್ಲಿ ಜಪಾನಿನ ವೈದ್ಯರು ವಿವರಿಸಿದ ವಯಸ್ಕರ ಟಿ-ಕೋಶ ಲ್ಯುಕೇಮಿಯಾ ಇದು. ಇದರ ಮೂಲ ಎಚ್‌ಟಿಎಲ್‌ವಿ-1 ವೈರಸ್. ಸೋಂಕಿತರಲ್ಲಿ ಸುಮಾರು ಶೇ. 5ರಷ್ಟು ಮಂದಿಗೆ ಮಾತ್ರ, ಅದೂ ದಶಕಗಳ ನಂತರ, ಕ್ಯಾನ್ಸರ್ ಬರುತ್ತದೆ. ತಾಯಿಯಿಂದ ಮಗುವಿಗೆ ವೈರಸ್ ದಾಟುವುದು ಮುಖ್ಯವಾಗಿ ಎದೆಹಾಲಿನ ಮೂಲಕ.

ಕೀಮೋದಿಂದ ರೋಗ ತಗ್ಗಿದರೂ ಬೇಗನೆ ಮರಳುತ್ತದೆ, ಕಸಿ ಅನಿವಾರ್ಯವಾಗಿತ್ತು. ಅಣ್ಣನ ಎಚ್‌ಎಲ್‌ಎ, ಅಂದರೆ ದಾನಿ-ರೋಗಿಯ ಹೊಂದಾಣಿಕೆ ಅಳೆಯುವ ಜೀವಕೋಶದ ಗುರುತು, ಪೂರ್ತಿ ಹೊಂದಿತು. ಆದರೆ ಇಬ್ಬರೂ ಒಂದೇ ತಾಯಿಯ ಹಾಲು ಕುಡಿದವರು. ಪರೀಕ್ಷಿಸಿದರೆ ಅಣ್ಣನಲ್ಲೂ ವೈರಸ್ ಇತ್ತು. ಸೋಂಕಿತ ದಾನಿಯ ಕೋಶಗಳಿಂದಲೇ ರೋಗಿಯಲ್ಲಿ ಈ ಕ್ಯಾನ್ಸರ್ ಹೊಸದಾಗಿ ಹುಟ್ಟಿದ ಪ್ರಕರಣಗಳು ವರದಿಯಾಗಿವೆ. ಬೇರೆ ಗತಿಯಿಲ್ಲದಾಗ ಅಂಥವರನ್ನೂ ಒಪ್ಪುವುದುಂಟು. ನಮಗೆ ಮಗನಿದ್ದ: ಅರ್ಧ ಹೊಂದಾಣಿಕೆ, ಅವನ ತಾಯಿಗೆ ಸೋಂಕಿಲ್ಲ, ಅವನಿಗೂ ಇಲ್ಲ.

“ಡಾಕ್ಟರೇ, ಪೂರ್ತಿ ಹೊಂದುತ್ತದೆ ಎಂದವರು ನೀವೇ ಅಲ್ಲವೇ?” ಎಂದು ಅಣ್ಣ ಪಟ್ಟು ಹಿಡಿದರು. ಅವರನ್ನು ಒಪ್ಪಿಸಲು ಹಿಡಿದ ಸಮಯ ಕಸಿಗೂ ಹಿಡಿಯಲಿಲ್ಲ!

ಕೀಮೋಗೂ ಮೊದಲು ನಾನು ಬೆನ್ನುಹತ್ತಿದ್ದು ಒಂದು ಹುಳವನ್ನು. ಸ್ಟ್ರಾಂಗಿಲಾಯ್ಡಿಸ್ ಮರಿ ಬರಿಗಾಲಿನ ಚರ್ಮ ಕೊರೆದು ಒಳಸೇರುತ್ತದೆ, ಕರುಳಿನಲ್ಲಿ ವರ್ಷಗಟ್ಟಲೆ ತೆಪ್ಪಗಿರುತ್ತದೆ. ಈ ವೈರಸ್ ಇದ್ದವರಲ್ಲಿ ಅದರ ಕಾಟ ಹೆಚ್ಚು. ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್ ಬಿದ್ದರೆ ಶ್ವಾಸಕೋಶಕ್ಕೂ ಮಿದುಳಿಗೂ ಹರಡಿ ಜೀವ ತೆಗೆಯಬಲ್ಲದು. ಮಳೆಗಾಲವಿಡೀ ಗದ್ದೆ, ತೋಟದ ಕೆಸರಿನಲ್ಲಿ ನಿಂತ ಕಾಲುಗಳವು. ಒಂದು ಮಲಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಎಂದರೆ ನಾನು ನಂಬುವವನಲ್ಲ. ಹುಳದ ಔಷಧ ಐವರ್ಮೆಕ್ಟಿನ್ ಕೊಟ್ಟೇ ಮುಂದುವರಿದೆ.

ಮಗನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಸೋಸಿ, ತಂದೆಯ ರಕ್ತನಾಳಕ್ಕೆ ಹರಿಸಿದೆವು. ಅರ್ಧವಷ್ಟೇ ಹೊಂದುವ ಮಜ್ಜೆಗೂ ತಂದೆಯ ದೇಹಕ್ಕೂ ಆಗುವ ಜಗಳ ತಡೆಯಲು ಮೂರನೆಯ, ನಾಲ್ಕನೆಯ ದಿನ ಸೈಕ್ಲೊಫಾಸ್ಫಮೈಡ್ ಔಷಧ. ಜ್ವರ, ಬಾಯಿಹುಣ್ಣು ಎಲ್ಲ ಆಯಿತು. ಮಜ್ಜೆ ನೆಲೆಯೂರಿತು. ತಂದೆಯನ್ನು ಇನ್ನೂ ನಿಗಾದಲ್ಲಿಟ್ಟಿದ್ದೇವೆ.

ಅಣ್ಣನಿಗೆ ರೋಗಲಕ್ಷಣವಿಲ್ಲ, ಔಷಧವೂ ಬೇಕಿಲ್ಲ. ಆದರೆ ರಕ್ತದಾನ ಶಿಬಿರಗಳಿಗೆ ತಪ್ಪದೆ ಹೋಗುತ್ತಿದ್ದವರು ಅವರು. ನಮ್ಮ ರಕ್ತನಿಧಿಗಳ ಕಡ್ಡಾಯ ಪರೀಕ್ಷೆಗಳಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಇವೆ; ಈ ವೈರಸ್ ಇಲ್ಲ. ಶಿಬಿರದವರು ಕರೆದರೆ ಏನು ಹೇಳಲಿ ಎಂದು ಕೇಳಿದರು. ವೈದ್ಯರು ಬೇಡವೆಂದಿದ್ದಾರೆ ಎಂದರೆ ಸಾಕು, ಕಾರಣ ಯಾರಿಗೂ ಹೇಳಬೇಕಾಗಿಲ್ಲ ಎಂದೆ.