ಸೀಬಾಸ್ ಮೀನಿನ ಹುಣ್ಣು: ಆಂಟಿಬಯೋಟಿಕ್‌ಗಿಂತ ಮೊದಲು ಸಿಹಿನೀರು

ಕುಂದಾಪುರದ ಕಡೆ ಅಳಿವೆಯಲ್ಲಿ ಸೀಬಾಸ್ ಮೀನು ಸಾಕುವ ನಮ್ಮ ಬಲೆಯ ಪಂಜರಗಳಿವೆ. ಬೇಸಿಗೆಯಲ್ಲಿ ಮೀನುಗಳು ಬಲೆಗೆ ಮೈ ಉಜ್ಜತೊಡಗಿದವು. ಆಮೇಲೆ ಹುರುಪೆ ಉದುರಿತು, ಹುಣ್ಣಾಯಿತು, ಕೆಲವು ಸತ್ತವು. ಪರೀಕ್ಷೆಯಲ್ಲಿ ವಿಬ್ರಿಯೋ ಬ್ಯಾಕ್ಟೀರಿಯಾ ಎಂದು ಬಂತು. ಆಂಟಿಬಯೋಟಿಕ್ ಹಾಕಿ ಅಂದವರೇ ಜಾಸ್ತಿ. ಆದರೆ ವಿಬ್ರಿಯೋ ಉಪ್ಪುನೀರಲ್ಲಿ ಯಾವಾಗಲೂ ಇರುವಂಥದ್ದು ಅಲ್ವಾ? ಅದಕ್ಕೆ ಬಾಗಿಲು ತೆರೆದದ್ದು ಯಾವುದು ಅನ್ನೋದೇ ನನಗೆ ಮುಖ್ಯವಾಗಿತ್ತು.

ಒಂದು ಮೀನನ್ನು ಸಿಹಿನೀರಿನ ಬಕೆಟ್‌ಗೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ಮೈಮೇಲೆ ಬೆಳ್ಳಗಿನ ಚಪ್ಪಟೆ ಹುಳುಗಳು ಕಾಣಿಸಿಕೊಂಡವು! ಇವು ಚರ್ಮದ ಹುಳುಗಳು, ನಿಯೋಬೆನಿಡೇನಿಯಾ ಗುಂಪಿನವು. ಇವುಗಳ ಕಾಟಕ್ಕೇ ಮೀನು ಮೈ ಉಜ್ಜುತ್ತಿತ್ತು, ಆ ಗಾಯವೇ ವಿಬ್ರಿಯೋಗೆ ಬಾಗಿಲು. ಜೀವ ಇದ್ದಾಗ ಪಾರದರ್ಶಕ, ಕಣ್ಣಿಗೇ ಬೀಳುವುದಿಲ್ಲ. ಸಿಹಿನೀರು ತಾಗಿದರೆ ಬಿಳಿಚಿಕೊಂಡು ಉದುರುತ್ತವೆ. 2000ದಲ್ಲಿ ಆಸ್ಟ್ರೇಲಿಯಾದ ಸೀಬಾಸ್ ಪಂಜರಗಳಿಗೂ ಇದೇ ಗುಂಪಿನ ಹುಳು ಭಾರಿ ನಷ್ಟ ಮಾಡಿತ್ತು.

ಟಾರ್ಪಾಲಿನ್ ತೊಟ್ಟಿಗೆ ಬಾವಿನೀರು ತುಂಬಿಸಿ, ನೀರಿಗೆ ಗಾಳಿ ಊದುವ ಏರೇಟರ್ ಹಾಕಿ, ಮೀನುಗಳನ್ನು ತಂಡ ತಂಡವಾಗಿ 5ರಿಂದ 10 ನಿಮಿಷ ಬಿಟ್ಟೆವು. ಸೀಬಾಸ್ ಸಿಹಿನೀರಲ್ಲೂ ಬದುಕುವ ಮೀನು, ಹಾಗಾಗಿ ಹೆದರಿಕೆ ಇರಲಿಲ್ಲ. ಆದರೆ ಇಷ್ಟಕ್ಕೇ ಬಿಟ್ಟರೆ ಸುಮ್ನೆ ದಂಡ. ಹುಳುವಿನ ಮೊಟ್ಟೆ ಸಿಹಿನೀರಿಗೆ ಬಗ್ಗುವುದಿಲ್ಲ, ಉದ್ದನೆಯ ಎಳೆಯಿಂದ ಬಲೆಗೆ ಸಿಕ್ಕಿಕೊಂಡಿರುತ್ತದೆ. ಪಾಚಿ, ಚಿಪ್ಪು ಕಟ್ಟಿದ ಬಲೆಯಾದರೆ ಕೇಳುವುದೇ ಬೇಡ. ಅದಕ್ಕೇ ಮೀನುಗಳನ್ನು ವಾಪಸ್ ಹೊಸ ಬಲೆಗೇ ಬಿಟ್ಟೆವು. ಹಳೆಯದನ್ನು ದಡಕ್ಕೆ ತಂದು ಬಿಸಿಲಲ್ಲಿ ಗರಿಗರಿ ಒಣಗಿಸಿದೆವು. ಮರಿಹುಳುಗಳು ಬೆಳೆದು ಮತ್ತೆ ಮೊಟ್ಟೆ ಇಡುವ ಮೊದಲೇ ಇನ್ನೊಂದು ಸ್ನಾನ ಆಯಿತು.

ಸತ್ತ ಮೀನನ್ನು ದಿನವೂ ತೆಗೆದು ದೂರದಲ್ಲಿ ಹೂಳುತ್ತಿದ್ದೆವು. ಮೈ ಉಜ್ಜುವುದು ನಿಂತಿತು, ಹೊಸ ಹುಣ್ಣು ಬರಲಿಲ್ಲ. ಆಂಟಿಬಯೋಟಿಕ್ ಬೇಕಾಗಲಿಲ್ಲ. ಈಗ ಬಕೆಟ್ ಪರೀಕ್ಷೆಯನ್ನು ವಾರಕ್ಕೊಮ್ಮೆ ಮಾಡುತ್ತೇನೆ.