ಅಮೆರಿಕಕ್ಕೆ ಹೊರಟ ಅಪ್ಪ-ಅಮ್ಮನ ಔಷಧಿ, ವಿಮೆ ಮತ್ತು ಆಸ್ಪತ್ರೆ

ಬಿ-2 ಎಂಬ ಸಂದರ್ಶಕ ವೀಸಾದಲ್ಲಿ ಮಕ್ಕಳ ಮನೆಗೆ ಬರುವ ಹಿರಿಯರಿಗೆ, ಅಮೆರಿಕದ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್ ಸಿಗುವುದಿಲ್ಲ. ಮಗನೋ ಮಗಳೋ ಕೆಲಸ ಮಾಡುವ ಕಂಪನಿಯ ವಿಮೆಗೂ ಸಾಮಾನ್ಯವಾಗಿ ಅವರನ್ನು ಸೇರಿಸಲು ಬರುವುದಿಲ್ಲ. ಅಲ್ಲಿರುವ ಆರು ತಿಂಗಳು ಅವರನ್ನು ಕಾಪಾಡುವುದು ಹೊರಡುವ ಮೊದಲು ಮಾಡಿಕೊಂಡ ತಯಾರಿ ಮಾತ್ರ. ಅದರಲ್ಲಿ ಅರ್ಧ ಕೆಲಸ ಊರಿನಲ್ಲೇ ಮುಗಿಯಬೇಕು.

ಮೊದಲು ಔಷಧಿ. ಭಾರತದ ವೈದ್ಯರ ಚೀಟಿ ತೋರಿಸಿದರೆ ಅಮೆರಿಕದ ಫಾರ್ಮಸಿಯಲ್ಲಿ ಮಾತ್ರೆ ಕೊಡುವುದಿಲ್ಲ, ಅಲ್ಲಿ ಪರವಾನಗಿ ಇರುವ ವೈದ್ಯರೇ ಬರೆಯಬೇಕು. ಸ್ವಂತ ಬಳಕೆಗೆಂದು ಸುಮಾರು 90 ದಿನಕ್ಕಾಗುವಷ್ಟು ಮಾತ್ರೆ ಒಯ್ಯುವುದು ವಾಡಿಕೆಯ ಮಿತಿ. ಅದಕ್ಕಿಂತ ಹೆಚ್ಚು ದಿನ ಉಳಿಯುವುದಾದರೆ ಉಳಿದದ್ದನ್ನು ಆಮೇಲೆ ಕೊರಿಯರ್‌ನಲ್ಲಿ ತರಿಸಿಕೊಳ್ಳಿ. ಪಾರ್ಸೆಲ್‌ ಜೊತೆ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ವೈದ್ಯರ ಚೀಟಿ, ಇದು ಯಾರ ಯಾವ ಕಾಯಿಲೆಗೆ ಎಂದು ವೈದ್ಯರು ಇಂಗ್ಲಿಷಿನಲ್ಲಿ ಬರೆದ ಪತ್ರ, ಇಷ್ಟೂ ಇರಲಿ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಿ ಒಯ್ಯಬೇಡಿ. ನಿದ್ದೆಗೆ, ಆತಂಕಕ್ಕೆ ಕೊಡುವ ಆಲ್ಪ್ರಜೋಲಮ್, ಕ್ಲೊನಾಜೆಪಾಮ್ ಮತ್ತು ನೋವಿನ ಟ್ರಮಡಾಲ್ ಅಲ್ಲಿ ನಿಯಂತ್ರಿತ ಔಷಧಿಗಳು. ಇವು ಇದ್ದರೆ ಚೀಟಿ ಕೈಗೆ ಸಿಗುವಂತಿರಲಿ, ಕಸ್ಟಮ್ಸ್‌ನಲ್ಲಿ ತಾವಾಗಿಯೇ ಹೇಳಲಿ.

ನಂತರ ಒಂದು ಹಾಳೆ ತಯಾರಿಸಿ. ಅದರಲ್ಲಿ ಬ್ರ್ಯಾಂಡ್ ಹೆಸರು ಬರೆದರೆ ಸಾಲದು. ಅಲ್ಲಿನ ವೈದ್ಯರಿಗೆ ಡೋಲೊ, ಎಕೋಸ್ಪ್ರಿನ್, ಎಲ್ಟ್ರಾಕ್ಸಿನ್ ಎಂದರೆ ಗೊತ್ತಾಗುವುದಿಲ್ಲ. ಒಳಗಿನ ರಾಸಾಯನಿಕದ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂದು ಬರೆಯಿರಿ. ಕೆಲವು ಔಷಧಿಗಳಿಗೆ ಹೆಸರೇ ಬೇರೆ: ಪ್ಯಾರಾಸಿಟಮಾಲ್ ಅಲ್ಲಿ ಅಸೆಟಮಿನೊಫೆನ್, ಸಾಲ್ಬ್ಯುಟಮಾಲ್ ಅಲ್ಬ್ಯುಟೆರಾಲ್, ಗ್ಲಿಬೆನ್‌ಕ್ಲಮೈಡ್ ಗ್ಲೈಬ್ಯುರೈಡ್. ನಮ್ಮಲ್ಲಿ ಮನೆಮನೆಯಲ್ಲಿರುವ ಕೆಲವಂತೂ ಅಲ್ಲಿ ಮಾರಾಟದಲ್ಲೇ ಇಲ್ಲ. ಸಕ್ಕರೆ ಕಾಯಿಲೆಯ ಗ್ಲಿಕ್ಲಜೈಡ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್, ರಕ್ತದೊತ್ತಡದ ಸಿಲ್ನಿಡಿಪಿನ್, ವಾಂತಿಯ ಡೊಂಪೆರಿಡೋನ್ ಅಂಥವು. ಇವು ಮುಗಿದರೆ ಅದೇ ಮಾತ್ರೆ ಸಿಗುವುದಿಲ್ಲ, ಬದಲಿಗೆ ಹೋಗಬೇಕಾಗುತ್ತದೆ. ಆದ್ದರಿಂದ ಬದಲಿ ಯಾವುದೆಂದು ನಿಮ್ಮ ವೈದ್ಯರನ್ನೇ ಕೇಳಿ ಹಾಳೆಯಲ್ಲಿ ಬರೆಸಿಕೊಂಡು ಹೋಗಿ. ಹೃದಯದ ಕವಾಟ ಹಾಕಿಸಿಕೊಂಡು, ರಕ್ತ ತೆಳುವಾಗಿಸುವ ಅಸೆನೊಕೌಮರಾಲ್ ತೆಗೆದುಕೊಳ್ಳುವವರು ಇದನ್ನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು. ಆ ಔಷಧಿಯೂ ಅಲ್ಲಿಲ್ಲ. ಅದೇ ಬಗೆಯ ವಾರ್ಫರಿನ್‌ಗೆ ಬದಲಾಯಿಸುವಾಗ ಡೋಸ್ ಒಂದೇ ಇರುವುದಿಲ್ಲ, ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಐಎನ್‌ಆರ್ ಪರೀಕ್ಷೆ ಮತ್ತೆ ಮತ್ತೆ ಬೇಕು.

ಅಲ್ಲಿನ ಶೀತದ ಸಿರಪ್ಪುಗಳ ಬಗ್ಗೆಯೂ ಎಚ್ಚರ. ನೈಕ್ವಿಲ್, ಡೇಕ್ವಿಲ್‌ ಒಳಗೆ ಅಸೆಟಮಿನೊಫೆನ್ ಇದೆ. ಡೋಲೊ 650 (ಅದೂ ಪ್ಯಾರಾಸಿಟಮಾಲ್, ಅಂದರೆ ಅಸೆಟಮಿನೊಫೆನ್) ನುಂಗಿ, ಮೇಲೆ ಇದನ್ನೂ ಕುಡಿದರೆ ಒಂದೇ ಔಷಧಿ ಎರಡು ಸಲ ಹೊಟ್ಟೆಗೆ ಹೋಗುತ್ತದೆ, ಪೆಟ್ಟು ಯಕೃತ್ತಿಗೆ. ಎಲ್ಲ ಮೂಲಗಳಿಂದಲೂ ಸೇರಿ ದಿನಕ್ಕೆ 3 ಗ್ರಾಂ ದಾಟದಂತೆ ಲೆಕ್ಕವಿಡಿ.

ಇನ್ಸುಲಿನ್ ತೆಗೆದುಕೊಳ್ಳುವವರು ಈ ಪ್ಯಾರಾವನ್ನು ಎರಡು ಸಲ ಓದಿ. ಭಾರತದಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್. ಅದಕ್ಕೆ ಹೊಂದುವ ಸಿರಿಂಜಿನ ಮುಚ್ಚಳ ಕೆಂಪು. ಅಮೆರಿಕದಲ್ಲಿ ಬಾಟಲಿ ಮಿಲಿಲೀಟರಿಗೆ 100 ಯೂನಿಟ್, ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣ. ಅಲ್ಲಿ ಬಾಟಲಿ ಕೊಂಡು, ಊರಿಂದ ತಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 50 ಯೂನಿಟ್. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ಅಲ್ಲಿಯ ಬಾಟಲಿಗೆ ಅಲ್ಲಿಯದೇ ಸಿರಿಂಜ್. ಪೆನ್ನಿನ ಕಾರ್ಟ್ರಿಜ್‌ಗಳು ಎರಡೂ ಕಡೆ ಸಾಮಾನ್ಯವಾಗಿ 100 ಯೂನಿಟ್ಟಿನವೇ ಆದ್ದರಿಂದ, ಪ್ರಯಾಣಕ್ಕೆ ಮುಂಚೆ ಪೆನ್ನಿಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ವಿಮಾನದಲ್ಲಿ ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಕೆಳಗಿನ ಸರಕು ವಿಭಾಗದಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. 100 ಮಿಲಿಲೀಟರಿನ ದ್ರವ ಮಿತಿ ಔಷಧಿಗೆ ಅನ್ವಯಿಸುವುದಿಲ್ಲ, ಆದರೆ ತಪಾಸಣೆಯಲ್ಲಿ ಹೊರತೆಗೆದು ತೋರಿಸಬೇಕು. ಪಶ್ಚಿಮಕ್ಕೆ ಹಾರುವಾಗ ದಿನ ಉದ್ದವಾಗುತ್ತದೆ, ಹಾಗಾಗಿ ಆ ದಿನದ ಡೋಸ್ ಎಷ್ಟು ಹೊತ್ತಿಗೆ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಅಕಸ್ಮಾತ್ ಅಲ್ಲಿ ಮುಗಿದುಹೋದರೆ, ವಾಲ್‌ಮಾರ್ಟ್‌ನಲ್ಲಿ ಸುಮಾರು 25 ಡಾಲರಿಗೆ ಒಂದು ಬಾಟಲಿ ಹ್ಯೂಮನ್ ಇನ್ಸುಲಿನ್ (ಹಳೆಯ ಬಗೆಯದು) ಬಹುತೇಕ ರಾಜ್ಯಗಳಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಲ್ಯಾಂಟಸ್ ಥರದ ಹೊಸ ಬಗೆಯ ಇನ್ಸುಲಿನ್‌ಗಳಿಗೆ ಚೀಟಿ ಬೇಕು. ಒಂದರ ಬದಲು ಇನ್ನೊಂದನ್ನು ಅದೇ ಡೋಸಿನಲ್ಲಿ ಚುಚ್ಚಿಕೊಳ್ಳಬೇಡಿ.

ವಿಮೆಗೆ ಬರೋಣ. ಸಂದರ್ಶಕರ ವಿಮೆಯಲ್ಲಿ ಎರಡು ಬಗೆ. ಒಂದು ಬಗೆಯದು ಪ್ರತಿ ಚಿಕಿತ್ಸೆಗೆ ಇಂತಿಷ್ಟೇ ಎಂದು ಮೊದಲೇ ಗೊತ್ತುಮಾಡಿ, ಅಷ್ಟನ್ನೇ ಕೊಡುತ್ತದೆ. ಕಂತು ಅಗ್ಗ, ಆದರೆ ಬಿಲ್ಲಿನ ದೊಡ್ಡ ಪಾಲು ನಿಮ್ಮ ತಲೆಯ ಮೇಲೆ. ಇನ್ನೊಂದು ಸಮಗ್ರ ವಿಮೆ: ಡಿಡಕ್ಟಿಬಲ್ ಮೊತ್ತವನ್ನು ನೀವು ಕಟ್ಟಿದ ಮೇಲೆ ಮಿಕ್ಕಿದ್ದರಲ್ಲಿ ಹೆಚ್ಚಿನ ಭಾಗ ಅದು ಭರಿಸುತ್ತದೆ. ಕೈಲಾದರೆ ಎರಡನೆಯದನ್ನೇ ಕೊಳ್ಳಿ. ಐಸಿಯು ವಾಸಕ್ಕೆ ದಿನಕ್ಕೆ ಸಾವಿರಾರು ಡಾಲರ್ ಆಗುವ ದೇಶದಲ್ಲಿ ಮೊದಲನೆಯದು ಸುಳ್ಳು ಧೈರ್ಯ. ಬಿಪಿ, ಶುಗರ್, ಸ್ಟೆಂಟ್ ಇರುವವರು ನೋಡಬೇಕಾದ ಕಲಮು ಒಂದಿದೆ: ಮೊದಲೇ ಇದ್ದ ಕಾಯಿಲೆ ಇದ್ದಕ್ಕಿದ್ದಂತೆ ಉಲ್ಬಣಿಸಿದರೆ ಕೊಡುತ್ತಾರೋ ಇಲ್ಲವೋ ಎಂಬುದು. ಹಲವು ಪಾಲಿಸಿಗಳಲ್ಲಿ ಇದಕ್ಕೆ ವಯಸ್ಸಿನ ಮಿತಿ ಇದೆ. 70 ದಾಟಿದ ಮೇಲೆ ಮೊತ್ತ ಇಳಿಯುವುದೂ ಉಂಟು. ಲಕ್ಷಣ ಕಂಡ 24 ಗಂಟೆಯೊಳಗೆ ವೈದ್ಯರ ಬಳಿ ಹೋಗಿರಬೇಕು ಎಂಬ ಷರತ್ತೂ ಸಾಮಾನ್ಯ. ‘ಎರಡು ದಿನ ನೋಡೋಣ, ವಾಸಿಯಾಗಬಹುದು’ ಎಂದು ಎದೆನೋವನ್ನು ಸಹಿಸಿಕೊಂಡವರ ಜೀವಕ್ಕೂ ಅಪಾಯ, ಕ್ಲೇಮಿಗೂ ಕುತ್ತು. ನಿಧಾನವಾಗಿ ಹೆಚ್ಚಿದ ಕಾಯಿಲೆ, ಮಾಮೂಲಿ ತಪಾಸಣೆ, ತಿಂಗಳ ಮಾತ್ರೆ ಇವಕ್ಕೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಊರಿನಲ್ಲಿ ಪರೀಕ್ಷೆ, ಹಲ್ಲು, ಕನ್ನಡಕ ಎಲ್ಲ ಮುಗಿಸಿಕೊಂಡೇ ಹೊರಡಲಿ.

ಅಲ್ಲಿಗೆ ತಲುಪಿದ ವಾರದಲ್ಲೇ ಮನೆಗೆ ಹತ್ತಿರದ ಅರ್ಜೆಂಟ್ ಕೇರ್ (ಸಣ್ಣಪುಟ್ಟ ತುರ್ತಿನ ಚಿಕಿತ್ಸಾಲಯ) ಯಾವುದು, ಅದು ವಿಮೆಯ ನೆಟ್‌ವರ್ಕ್‌ನಲ್ಲಿ, ಅಂದರೆ ವಿಮಾ ಕಂಪನಿಯ ಜೊತೆ ಒಪ್ಪಂದವಿರುವವರ ಪಟ್ಟಿಯಲ್ಲಿ ಇದೆಯೇ, ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿ. ಜ್ವರ, ಮೂತ್ರದ ಸೋಂಕು, ಉಳುಕು, ಹೊಲಿಗೆ ಬೇಕಾದ ಸಣ್ಣ ಗಾಯ, ಇವೆಲ್ಲ ಅರ್ಜೆಂಟ್ ಕೇರ್‌ನಲ್ಲೇ ಮುಗಿಯುತ್ತವೆ. ಅದೇ ಜ್ವರಕ್ಕೆ ಎಮರ್ಜೆನ್ಸಿ ರೂಮಿಗೆ ಹೋದರೆ ಹಲವು ಪಟ್ಟು ಬಿಲ್ಲು, ಗಂಟೆಗಟ್ಟಲೆ ಕಾಯುವುದು. ಕೆಲವು ಪಾಲಿಸಿಗಳಲ್ಲಿ ದಾಖಲಾಗದೆ ಹಿಂದಿರುಗಿದರೆ ನೀವು ಕಟ್ಟಬೇಕಾದ ಹೆಚ್ಚುವರಿ ಡಿಡಕ್ಟಿಬಲ್ಲೂ ಇದೆ. ಆದರೆ ಎದೆನೋವು, ಉಸಿರುಗಟ್ಟುವುದು, ಮುಖ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಲೆ ಬಡಿದು ಬೀಳುವುದು, ಇವಕ್ಕೆ ಲೆಕ್ಕಾಚಾರ ಬೇಡ, ಅಲ್ಲಿನ ತುರ್ತು ಸಹಾಯದ ಸಂಖ್ಯೆ 911ಕ್ಕೆ ಫೋನ್ ಮಾಡಿ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಕಾಶ. ‘ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ?’ ಎಂದು ಖಂಡಿತ ಕೇಳುತ್ತಾರೆ, ಗಡಿಯಾರ ನೋಡಿಟ್ಟುಕೊಳ್ಳಿ. ಮನೆಯಲ್ಲಿ ಹಿರಿಯರಿಬ್ಬರೇ ಇರುವ ಹಗಲು ಹೊತ್ತಿಗಾಗಿ ಮನೆಯ ವಿಳಾಸವನ್ನು ಫೋನಿನ ಪಕ್ಕದಲ್ಲಿ ದೊಡ್ಡಕ್ಷರದಲ್ಲಿ ಬರೆದಿಡಿ. 911ರಲ್ಲಿ ಮೊದಲು ಹೇಳಬೇಕಾದದ್ದು ಅದೇ.

ದುಡ್ಡಿಲ್ಲವೆಂದು ಎಮರ್ಜೆನ್ಸಿಯಿಂದ ವಾಪಸ್ ಕಳಿಸುತ್ತಾರೆಂಬ ಭಯ ಬೇಡ. 1986ರ ಎಮ್ಟಾಲ ಕಾನೂನಿನಂತೆ, ಮೆಡಿಕೇರ್ ಹಣ ಪಡೆಯುವ ಆಸ್ಪತ್ರೆಗಳ ತುರ್ತು ವಿಭಾಗ ವಿಮೆ, ಹಣ ಯಾವುದನ್ನೂ ನೋಡದೆ ಪರೀಕ್ಷಿಸಿ, ತುರ್ತು ಸ್ಥಿತಿಯಿದ್ದರೆ ಅದು ಸ್ಥಿರವಾಗುವವರೆಗೆ ಚಿಕಿತ್ಸೆ ಕೊಡಲೇಬೇಕು. ಬಿಲ್ಲು ಮಾತ್ರ ಆಮೇಲೆ ಬರುತ್ತದೆ. ನೋಂದಣಿಯ ಹೊತ್ತಿಗೆ ಮಕ್ಕಳ ಮುಂದೆ ಕಾಗದಗಳ ಕಟ್ಟು ಇಡುತ್ತಾರೆ. ‘ಗ್ಯಾರಂಟರ್’ ಎಂಬ ಜಾಗದಲ್ಲಿ ಸಹಿ ಹಾಕಿದರೆ ಬಿಲ್ಲಿನ ವೈಯಕ್ತಿಕ ಹೊಣೆ ನಿಮ್ಮದಾಗಬಹುದು. ಓದದೆ ಸಹಿ ಹಾಕಬೇಡಿ. ರೋಗಿಗೆ ಪ್ರಜ್ಞೆಯಿದ್ದರೆ ಅವರೇ ಹಾಕಲಿ.

ಕನ್ನಡ ದುಭಾಷಿ ಬೇಕೆಂದು ಕೇಳಿ. ಫೆಡರಲ್ (ಅಮೆರಿಕದ ಕೇಂದ್ರ) ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇದನ್ನು ಉಚಿತವಾಗಿ ಒದಗಿಸಬೇಕು, ಸಾಮಾನ್ಯವಾಗಿ ಫೋನ್ ಅಥವಾ ವಿಡಿಯೊ ಮೂಲಕ. ಮಗಳಿಗೆ ಇಂಗ್ಲಿಷ್ ಚೆನ್ನಾಗಿ ಬಂದರೂ ಕೇಳುವುದೇ ಮೇಲು. ಅಮ್ಮ ತನ್ನ ರಕ್ತಸ್ರಾವದ ವಿಷಯವನ್ನೋ, ಅಪ್ಪ ಮೂತ್ರದ ತೊಂದರೆಯನ್ನೋ ಮಕ್ಕಳ ಬಾಯಿಂದ ಹೇಳಿಸಲು ನಾಚಿ ಮುಚ್ಚಿಡುತ್ತಾರೆ. ‘ತಲೆ ಸುತ್ತು’, ‘ಎದೆ ಉರಿ’, ‘ಸಂಕಟ’ ಇಂಥ ಮಾತುಗಳ ಅರ್ಥ ಅನುವಾದದಲ್ಲಿ ಸುಲಭವಾಗಿ ಜಾರುತ್ತದೆ.

ಒಂದೇ ಭೇಟಿಗೆ ಆಸ್ಪತ್ರೆ, ವೈದ್ಯರು, ಸ್ಕ್ಯಾನ್ ಓದಿದವರು, ಪ್ರಯೋಗಾಲಯ, ಆಂಬುಲೆನ್ಸ್ ಬೇರೆಬೇರೆ ಬಿಲ್ಲು ಕಳಿಸುತ್ತಾರೆ, ಎಷ್ಟೋ ವೇಳೆ ವಾರಗಳ ನಂತರ. ಮೊದಲ ಬಿಲ್ಲಿಗೇ ಕ್ರೆಡಿಟ್ ಕಾರ್ಡ್ ಉಜ್ಜಬೇಡಿ, ಹಾಗೆಂದು ಮೂಲೆಗೂ ಎಸೆಯಬೇಡಿ. ಬಿಡಿಬಿಡಿಯಾಗಿ ನಮೂದಿಸಿದ ಬಿಲ್ಲನ್ನು ಕೇಳಿ, ಮಾಡದ ಪರೀಕ್ಷೆ ಅಥವಾ ಎರಡು ಸಲ ಬರೆದದ್ದು ಇದೆಯೇ ನೋಡಿ. ವಿಮೆ ತೀರ್ಮಾನಿಸಿದ ಮೇಲೆ ಉಳಿದದ್ದಕ್ಕೆ ರಿಯಾಯಿತಿ ಕೇಳಿ, ಬಡ್ಡಿಯಿಲ್ಲದ ಕಂತು ಕೇಳಿ. ಲಾಭರಹಿತ ಆಸ್ಪತ್ರೆಗಳಲ್ಲಿ ಆರ್ಥಿಕ ನೆರವಿನ ಲಿಖಿತ ನೀತಿ ಇರಲೇಬೇಕು. ಬಿಡುಗಡೆಯ ನಂತರದ ಮೊದಲ ಬಿಲ್ಲಿನಿಂದ 240 ದಿನ ಅರ್ಜಿ ಹಾಕಬಹುದು. ಕೆಲವು ಆಸ್ಪತ್ರೆಗಳು ಅದನ್ನು ಸ್ಥಳೀಯ ನಿವಾಸಿಗಳಿಗೆ ಸೀಮಿತಗೊಳಿಸುತ್ತವೆ, ಆದರೂ ಕೇಳುವುದನ್ನು ಬಿಡಬೇಡಿ. ವಿಮೆ ಬಳಸದೆ ಕೈಯಿಂದ ಹಣ ಕೊಟ್ಟು, ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗುವ ಚಿಕಿತ್ಸೆಗೆ 2022ರಿಂದ ಲಿಖಿತ ಅಂದಾಜು ಪಡೆಯುವ ಹಕ್ಕಿದೆ. ಬಿಲ್ಲು ಆ ಅಂದಾಜಿಗಿಂತ 400 ಡಾಲರ್ ಅಥವಾ ಹೆಚ್ಚು ಮೀರಿದರೆ 120 ದಿನದೊಳಗೆ ತಕರಾರು ಸಲ್ಲಿಸಬಹುದು.

ಕ್ಲೇಮಿಗೆ ಪಾಸ್‌ಪೋರ್ಟ್ ಮತ್ತು ವೀಸಾ ಪುಟ, ಅಮೆರಿಕ ಪ್ರವೇಶದ ದಾಖಲೆಯಾದ ಐ-94ರ ಮುದ್ರಣ, ಬಿಡಿ ಬಿಲ್ಲು, ಪಾವತಿ ರಸೀದಿ, ವೈದ್ಯರ ಟಿಪ್ಪಣಿ ಬೇಕಾಗುತ್ತವೆ. ಸಲ್ಲಿಸಲು ಪಾಲಿಸಿಯಲ್ಲಿ ಗಡುವು ಇರುತ್ತದೆ, ನೋಡಿಕೊಳ್ಳಿ. ಹಿರಿಯರು ಊರಿಗೆ ಹೊರಡುವ ಮೊದಲು ಆಸ್ಪತ್ರೆಯ ದಾಖಲೆ ವಿಭಾಗದಿಂದ ಡಿಸ್ಚಾರ್ಜ್ ಸಾರಾಂಶ, ಲ್ಯಾಬ್ ವರದಿ, ಸ್ಕ್ಯಾನಿನ ಚಿತ್ರಗಳಿರುವ ಸಿಡಿ ತೆಗೆದುಕೊಳ್ಳಿ. ಸ್ಟೆಂಟ್ ಅಥವಾ ಪೇಸ್‌ಮೇಕರ್ ಹಾಕಿದ್ದರೆ ಅದರ ಇಂಪ್ಲಾಂಟ್ ಕಾರ್ಡ್ ಮರೆಯಬೇಡಿ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮುಂದೆ ಎಂಆರ್‌ಐ ಮಾಡುವ ಮುನ್ನ ಅಲ್ಲಿನವರು ಕೇಳುವುದು ಆ ಕಾರ್ಡನ್ನೇ.