ಜ್ಯೂರಿ ಸೂಚನೆಯಲ್ಲಿ ಮೇಲ್ಮನವಿಯ ಅಂಶ ಹುಡುಕುವುದು: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಕ್ರಿಮಿನಲ್ ಮೇಲ್ಮನವಿಯ ಕಡತ ಬಂದಾಗ ಸಾಕ್ಷಿ ಹೇಳಿಕೆಗಳಿಗಿಂತ ಮೊದಲು ನಾನು ಓದುವುದು ನ್ಯಾಯಾಧೀಶರು ಜ್ಯೂರಿಗೆ, ಅಂದರೆ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಹನ್ನೆರಡು ನಾಗರಿಕರ ತಂಡಕ್ಕೆ, ಕೊಟ್ಟ ಸೂಚನೆಗಳನ್ನು. ಸಾಕ್ಷಿಯನ್ನು ನಂಬುವುದು, ಬಿಡುವುದು ಜ್ಯೂರಿಗೆ ಸೇರಿದ್ದು. ಮೇಲಿನ ಕೋರ್ಟು ಅದಕ್ಕೆ ಕೈಹಾಕುವುದು ಅಪರೂಪ. ಸೂಚನೆ ಕಾನೂನಿಗೆ ಸರಿಹೊಂದುತ್ತದೆಯೇ ಎಂಬುದನ್ನಾದರೆ ತಾನೇ ಹೊಸದಾಗಿ ಪರಿಶೀಲಿಸುತ್ತದೆ. 1961ರ ನಾನಾವತಿ ತೀರ್ಪು ಓದಿದವರಿಗೆ ಇದರ ತೂಕ ಗೊತ್ತು: ಮುಂಬಯಿಯ ಸೆಷನ್ಸ್ ನ್ಯಾಯಾಧೀಶರು ಜ್ಯೂರಿಗೆ ಹೇಳಿದ್ದರಲ್ಲಿನ ತಪ್ಪುಗಳನ್ನು ಸುಪ್ರೀಂ ಕೋರ್ಟು ಅಲ್ಲಿ ಎತ್ತಿ ತೋರಿಸಿದೆ.

ಮೂರು ಪಠ್ಯಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳುತ್ತೇನೆ. ಜ್ಯೂರಿ ಕೋಣೆಗೆ ಕಳಿಸಿದ ಲಿಖಿತ ಪ್ರತಿ, ನ್ಯಾಯಾಧೀಶರು ಓದಿದ್ದರ ಸ್ಟೆನೋ ದಾಖಲೆ, ವಿಚಾರಣೆಯ ದಿನ ಜಾರಿಯಲ್ಲಿದ್ದ ಕ್ಯಾಲ್‌ಕ್ರಿಮ್ (ಕ್ರಿಮಿನಲ್ ಪ್ರಕರಣಗಳಿಗೆ ರಾಜ್ಯದ ಮಾದರಿ ಜ್ಯೂರಿ ಸೂಚನೆಗಳ ಸಂಗ್ರಹ) ಆವೃತ್ತಿ. 2006ರ ಜನವರಿಯಿಂದ ಬಳಕೆಗೆ ಬಂದ ಈ ಮಾದರಿ ಸೂಚನೆಗಳು ಆಗಾಗ ಪರಿಷ್ಕರಣೆಯಾಗುತ್ತವೆ. ಇವತ್ತಿನ ಪಠ್ಯಕ್ಕೆ ಹೋಲಿಸಿದರೆ ಇಲ್ಲದ ತಪ್ಪು ಕಾಣುತ್ತದೆ, ಇರುವುದು ತಪ್ಪಿಹೋಗುತ್ತದೆ. ಓದುವಾಗ ನಾಲಿಗೆ ತಪ್ಪಿದ್ದನ್ನೇ ನೆಚ್ಚಿಕೊಳ್ಳಬೇಡಿ. ಲಿಖಿತ ಪ್ರತಿ ಸರಿಯಿದ್ದರೆ ಸಾಮಾನ್ಯವಾಗಿ ಅದೇ ನಿಲ್ಲುತ್ತದೆ.

ಹೆಚ್ಚಿನ ತಪ್ಪು ಸಿಗುವುದು ಚೌಕ ಆವರಣಗಳಲ್ಲಿ. ಮಾದರಿ ಪಠ್ಯ ಅಲ್ಲಿ ಆಯ್ಕೆಗಳನ್ನು ಕೊಡುತ್ತದೆ. ಸಾಕ್ಷ್ಯ ನೋಡಿ ಬೇಕಾದ್ದನ್ನು ಉಳಿಸಿ ಉಳಿದದ್ದನ್ನು ಹೊಡೆದುಹಾಕಬೇಕು. ಬೇಕಾದ್ದೇ ಬಿಟ್ಟುಹೋಗಿರುತ್ತದೆ, ಬೇಡವಾದದ್ದು ಉಳಿದಿರುತ್ತದೆ. ಆಮೇಲೆ ಮಾದರಿ ಸೂಚನೆಯ ಕೆಳಗೆ ನ್ಯಾಯಾಧೀಶರಿಗೆಂದು ಕೊಟ್ಟಿರುವ ಟಿಪ್ಪಣಿ ಓದುತ್ತೇನೆ: ಯಾರೂ ಕೇಳದಿದ್ದರೂ ಕೊಡಲೇಬೇಕಾದ ಸೂಚನೆ ಯಾವುದೆಂದು ಅದು ಹೇಳುತ್ತದೆ. ಉದಾಹರಣೆಗೆ 3500ನೇ ಸೂಚನೆ. ಆರೋಪ ಒಂದು, ಸಾಕ್ಷ್ಯ ಎರಡು ಬೇರೆಬೇರೆ ಘಟನೆಗಳದ್ದು, ಯಾವುದನ್ನು ಹಿಡಿದಿದ್ದೇನೆಂದು ಪ್ರಾಸಿಕ್ಯೂಟರ್ ಹೇಳಿಲ್ಲ ಎಂದಿಟ್ಟುಕೊಳ್ಳಿ. ಒಂದೇ ಘಟನೆಯ ಬಗ್ಗೆ ಹನ್ನೆರಡೂ ಜನ ಒಪ್ಪಬೇಕೆಂದು ಹೇಳದಿದ್ದರೆ ಆರು ಜನ ಇದನ್ನು, ಆರು ಜನ ಅದನ್ನು ನಂಬಿಯೂ ಶಿಕ್ಷೆಯಾಗಬಹುದು. ಎಲ್ಲವೂ ಎಡೆಬಿಡದ ಒಂದೇ ಕೃತ್ಯವಾಗಿದ್ದರೆ ಮಾತ್ರ ಈ ವಾದ ನಿಲ್ಲುವುದಿಲ್ಲ.

ಮಾದರಿ ಪಠ್ಯವನ್ನು ಅಕ್ಷರಶಃ ಓದಿದ್ದಾರೆ ಎಂಬಲ್ಲಿಗೇ ಹುಡುಕಾಟ ನಿಲ್ಲಿಸುವ ವಕೀಲರಿದ್ದಾರೆ. ಅದು ದೊಡ್ಡ ತಪ್ಪು. ಮಾದರಿ ಸೂಚನೆ ತಾನೇ ಕಾನೂನಲ್ಲವೆಂದು ರಾಜ್ಯದ ಸುಪ್ರೀಂ ಕೋರ್ಟು 2001ರ ಮೊರಾಲೆಸ್ ತೀರ್ಪಿನಲ್ಲಿ ಹೇಳಿದೆ. ಪ್ರತ್ಯಕ್ಷದರ್ಶಿಯ ಗುರುತಿಸುವಿಕೆ ಕುರಿತ 315ನೇ ಸೂಚನೆ, ಸಾಕ್ಷಿ ಎಷ್ಟು ಖಚಿತವಾಗಿದ್ದರು ಎಂಬುದನ್ನೂ ಪರಿಗಣಿಸಲು ಹೇಳುತ್ತಿತ್ತು. ಖಚಿತ ದನಿಯೇ ಸರಿಯಾದ ಗುರುತಿಗೆ ಪುರಾವೆಯಲ್ಲವೆಂದು ಸಂಶೋಧನೆಗಳು ತೋರಿಸಿದ್ದವು. 2021ರ ಲೆಮ್ಕಿ ಪ್ರಕರಣದಲ್ಲಿ ಆರೋಪಿಯ ಶಿಕ್ಷೆ ಉಳಿಯಿತು. ಆದರೆ ಪರಿಷ್ಕರಣೆಯಾಗುವ ತನಕ, ಆರೋಪಿ ಕೇಳದ ಹೊರತು, ಆ ಅಂಶವನ್ನು ಬಿಡಬೇಕೆಂದು ಕೋರ್ಟು ನಿರ್ದೇಶಿಸಿತು.

ವಿಚಾರಣೆಯಲ್ಲಿ ಆಕ್ಷೇಪ ಎತ್ತಿರಲಿಲ್ಲವೇ? ಆರೋಪಿಯ ಮುಖ್ಯ ಹಕ್ಕಿಗೆ ಧಕ್ಕೆಯಾಗಿದ್ದರೆ ದಂಡ ಸಂಹಿತೆಯ 1259ನೇ ಕಲಂ ಬಾಗಿಲು ತೆರೆದಿಡುತ್ತದೆ. 'ಸೂಚನೆ ಸರಿ, ಇನ್ನೂ ಬಿಡಿಸಿ ಹೇಳಬೇಕಿತ್ತು' ಎಂಬ ದೂರು ಮಾತ್ರ ಆಗಲೇ ಕೈತಪ್ಪಿರುತ್ತದೆ.

ತಪ್ಪು ಸಿಕ್ಕಿತೆಂದು ಗೆದ್ದಂತಲ್ಲ. ರಾಜ್ಯ ಕಾನೂನಿನ ತಪ್ಪಾದರೆ 1956ರ ವಾಟ್ಸನ್ ತೀರ್ಪಿನ ಅಳತೆ: ಅದಿಲ್ಲದಿದ್ದರೆ ಆರೋಪಿಗೆ ಇನ್ನೂ ಅನುಕೂಲದ ಫಲ ಬರುವ ಸಮಂಜಸ ಸಂಭವ ಇತ್ತೇ? ಫೆಡರಲ್ ಸಂವಿಧಾನದ ತಪ್ಪಾದರೆ 1967ರ ಚಾಪ್‌ಮನ್ ತೀರ್ಪಿನದು: ಅದು ನಿರುಪದ್ರವಿ ಎಂದು ಸಂಶಯಾತೀತವಾಗಿ ತೋರಿಸುವ ಹೊಣೆ ಸರ್ಕಾರದ್ದು. ಹಾಗಾಗಿ ಯಾವ ಅಳತೆ ಎಂಬುದಕ್ಕೇ ನನ್ನ ಬ್ರೀಫಿನ (ಲಿಖಿತ ವಾದದ) ಒಂದು ಭಾಗ ಮೀಸಲು. ಹಾನಿ ತೋರಿಸಲು ಎರಡು ಕಡೆ ನೋಡುತ್ತೇನೆ: ಪ್ರಾಸಿಕ್ಯೂಟರ್ ಕೊನೆಯ ವಾದದಲ್ಲಿ ಆ ತಪ್ಪು ವಾಕ್ಯವನ್ನೇ ಆಧಾರವಾಗಿ ಹಿಡಿದರೇ, ಜ್ಯೂರಿ ಕೋಣೆಯಿಂದ ಅದೇ ಸೂಚನೆಯ ಬಗ್ಗೆ ಪ್ರಶ್ನೆಯ ಚೀಟಿ ಬಂತೇ. ಚೀಟಿ ಬಂದಿದ್ದರೆ, ಅದಕ್ಕೆ ನ್ಯಾಯಾಧೀಶರು ಕೊಟ್ಟ ಉತ್ತರವನ್ನೂ ಮೊದಲ ಸೂಚನೆಯಷ್ಟೇ ಜಾಗ್ರತೆಯಿಂದ ಓದಬೇಕು.